ನಾಲ್ಕು ಗಂಟೆಯ ದಾರಿ

ವಿಮಾನ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಣ್ಣ, ಅವನ ತಂಗಿ ಕೂತಿದ್ದರು. ಅವರ ತಾಯಿ ಮುಖ ತೊಳೆಯಲು ಹೋಗಿದ್ದರು. ನಾನು ಕಿವಿಗೊಟ್ಟು ಕೇಳಿದ್ದಲ್ಲ, ಕಿವಿಗೆ ಬಿತ್ತು. ತಂಗಿ ಕೂತಲ್ಲಿ ಕೂರುತ್ತಿರಲಿಲ್ಲ.

"ಅಮ್ಮಂಗೆ ಎಷ್ಟು ಹೊತ್ತಿನ ದಾರಿ ಅಂತ ಹೇಳಿದ್ದೀಯ?"

"ನಾಲ್ಕು ಗಂಟೆ."

"ಎಂಟು ಸಾವಿರ ಕಿಲೋಮೀಟರ್ ನಾಲ್ಕು ಗಂಟೇಲಿ ಹೋಗತ್ತೇನಣ್ಣಾ? ಒಂಬತ್ತೂವರೆ ಗಂಟೆ ಬೇಕು!"

"ನಾನು ಬರೀ ಟಿಕೆಟ್ ತೋರಿಸ್ದೆ. ಹೊರಡೋದು ಹತ್ತಕ್ಕೆ, ಇಳಿಯೋದು ಎರಡಕ್ಕೆ. ಅವಳೇ ಬೆರಳು ಮಡಚಿ ಎಣಿಸಿದ್ಲು."

"ಅಕ್ಕ ಇರೋ ದೇಶದ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ ಅಂತ ಹೇಳ್ಬೇಕಿತ್ತು."

"ಹೇಳಿದ್ರೆ ಹೊರಡ್ತಿದ್ಲಾ? ಲಿಫ್ಟ್ ಬಾಗಿಲು ಮುಚ್ಚಿದ್ರೇ ಉಸಿರು ಕಟ್ಟತ್ತೆ ಅನ್ನೋಳು."

"ಮೇಲೆ ಹೋದ್ಮೇಲೆ ಇಳಿಸಿ ಅಂತ ಹಟ ಹಿಡಿದ್ರೆ? ಪಕ್ಕದಲ್ಲಿ ನಾನಿರ್ತೀನಾ, ನೀನಿರ್ತೀಯಾ?"

"ಅಕ್ಕಂಗೆ ಈ ವಾರವೇ ಹೆರಿಗೆ. ಅಮ್ಮ ಬೇಕು ಅಂತ ದಿನಾ ಫೋನಲ್ಲಿ ಅಳ್ತಾಳೆ. ನಾನೇನ್ ಮಾಡ್ಲಿ?"

"ನಾನೀಗ್ಲೇ ಹೇಳ್ಬಿಡ್ತೀನಿ."

"ಬಾಯಿ ಮುಚ್ಕೊಂಡು ಕೂರೇ, ಅಮ್ಮ ಬಂದ್ಲು."

ತಾಯಿ ಮುಖ ಒರೆಸಿಕೊಳ್ಳುತ್ತಲೇ ಬಂದರು. ಕೈಗಡಿಯಾರ ಬಿಚ್ಚಿ ಮಗನ ಅಂಗೈಲಿಟ್ಟರು.

"ಇದು ನಿನ್ನತ್ರಾನೇ ಇರ್ಲಿ."

"ಯಾಕಮ್ಮಾ? ಟೈಮ್ ನೋಡೋಕೆ ಬೇಡ್ವಾ?"

"ಬೇಡಪ್ಪಾ. ನಾಲ್ಕು ಗಂಟೆ ಆಯ್ತು ಅಂತ ಗೊತ್ತಾದ್ರೆ, ಐದನೇ ಗಂಟೆ ನನ್ ಕೈಲಿ ಕಳಿಯೋಕಾಗಲ್ಲ."

ಮಗ ತಲೆ ಎತ್ತಲಿಲ್ಲ. ತಾಯಿ ಚೀಲವನ್ನು ತಾವೇ ಎತ್ತಿಕೊಂಡು ಒಳಬಾಗಿಲಿನ ಕಡೆ ಬಿರಬಿರನೆ ನಡೆದರು. ಮಕ್ಕಳಿಬ್ಬರೂ ಹಿಂದೆ ಓಡಿದರು.