ಟಗರಿನ ಕಿವಿ

ತೊಂಬತ್ತೆಂಟರ ಬೇಸಿಗೆ. ಆನವಟ್ಟಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ನೀಲಾಂಬಿಕಮ್ಮ ವಚನ ಗುನುಗುತ್ತ ಶಿಕಾರಿಪುರದ ಬಸ್ಸಿಗೆ ಕಾದಿದ್ದರು. ಪಕ್ಕಕ್ಕೆ ಅಣ್ಣ ತಂಗಿ ಬಂದು ಕೂತರು. ಅಣ್ಣನ ಕಾಲಬಳಿ ಇಟ್ಟ ಗೋಣಿಚೀಲದ ತೂತಿನಿಂದ ಮಚ್ಚಿನ ತುದಿ ಇಣುಕುತ್ತಿತ್ತು. ನೀಲಾಂಬಿಕಮ್ಮನ ವಚನ ಅರ್ಧಕ್ಕೇ ನಿಂತಿತು.

"ನಮ್ಮ ಟಗರು ಕದ್ದು, ಗುರುತು ಸಿಗಬಾರ್ದು ಅಂತ ಅದರ ಕಿವೀನೇ ಕೊಯ್ದಾನೆ ಮಾಳೇಶ! ಚಿಕ್ಕಪ್ಪನ ಮಗ ಅಂತ ಬಿಡ್ಲಾ? ಸೊರಬದ ಸಂತೇಲೇ ಅವನ ಕೈ ಕಡಿತೀನಿ."

"ಕಡಿಯೋದು ಸುಲಭ ಕಣಣ್ಣ. ಲ್ಯಾಬಲ್ಲಿ ದಿನಾ ನೋಡ್ತೀನಿ."

"ನಿನ್ನ ಬ್ಯಾಕ್ಟೀರಿಯಾನೂ ಮಚ್ಚು ಹಿಡೀತಾವೇನೇ?"

"ಹೂಂ. ಅವು ಡಿಎನ್‌ಎ ನಕಲು ಮಾಡ್ಕಳುವಾಗ ಆ ದಾರ ಕೆಲವು ಕಡೆ ಹೇರ್‌ಪಿನ್ ತರ ಮಡಚ್ಕಳುತ್ತೆ. ಒಂದು ಕಿಣ್ವ ಬಂದು ಆ ಮಡಿಕೆನ ಕಚಕ್ ಅಂತ ಕಡಿಯುತ್ತೆ."

"ನೋಡು, ಹುಳಕ್ಕೂ ರೋಷ ಐತೆ!"

"ಪೂರ್ತಿ ಕೇಳು. ಕಡಿದಿದ್ದು ತನ್ನದೇ ದಾರ. ಪಕ್ಕದಲ್ಲಿ ಇನ್ನೊಂದು ನಕಲು ಇರೋದ್ರಿಂದ ಅದನ್ನ ನೋಡ್ಕಂಡು ಬೆಸ್ಕಳುತ್ತೆ. ಬೆಸೆಯೋ ಶಕ್ತಿನ ನಾವು ಕಿತ್ತು ನೋಡಿದ್ವಿ. ತಾನೇ ಕಡ್ಕಂಡ ಏಟಿಗೆ ಬ್ಯಾಕ್ಟೀರಿಯಾನೇ ಸತ್ತೋಯ್ತು."

"ಅದಕ್ಕೇನೀಗ?"

"ಮಾಳೇಶನ ಕೈಗೆ ಇನ್ನೊಂದು ನಕಲು ಎಲ್ಲೈತೆ ಅಣ್ಣ? ನಿನಗಾದ್ರೂ ಎಲ್ಲೈತೆ?"

"ಸುಮ್ನಿರೇ. ವಾಪಸ್ ಸಿಕ್ಕ ಟಗರಿನ ರಕ್ತ ಒರೆಸಿದೋನು ನಾನು."

ಸೊರಬದ ಬಸ್ಸು ಬಂತು. ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯಲು ಅವನು ಓಡಿದ. ತಂಗಿ ಚೀಲವನ್ನು ಕಾಲಿನಿಂದ ನೀಲಾಂಬಿಕಮ್ಮನ ಕಡೆ ತಳ್ಳಿ, ಒಮ್ಮೆ ಅವರ ಮುಖ ನೋಡಿ, ಬಸ್ಸು ಹತ್ತಿದಳು.

"ಅಮ್ಮಾರೇ, ಅಲ್ಲಿ ನನ್ನ ಚೀಲ ಐತೇನ್ರೀ?" ಕಿಟಕಿಯಿಂದ ಅವನು ಕೂಗಿದ.

ನೀಲಾಂಬಿಕಮ್ಮ ಸೀರೆಯ ನೆರಿಗೆಯನ್ನು ಚೀಲದ ಮೇಲೆ ಹರಡಿದರು. ಎದೆಯ ಲಿಂಗವನ್ನು ಬಿಗಿಯಾಗಿ ಹಿಡಿದುಕೊಂಡರು.

"ಇಲ್ಲಪ್ಪ," ಎಂದರು.

ಬಸ್ಸು ಹೊರಟಿತು.