ಮೇಲಿನ ಹಲ್ಲಿಗೆ ಬೇರೆ ಡಾಕ್ಟರೇ?

ಮಾನ್ಯ ಅಧ್ಯಕ್ಷರಾದ ಪಂಢರಿನಾಥರಾಯರೇ, ಇಂದು ಸನ್ಮಾನ ಸ್ವೀಕರಿಸಲಿರುವ ದಂತವೈದ್ಯ ವಿಷ್ಣುತೀರ್ಥರೇ, ಉಪ್ಪಿಟ್ಟಿನ ವಾಸನೆ ಬಂದರೂ ಕದಲದೆ ಕುಳಿತಿರುವ ಸಭಿಕರೇ,

ನಾನು ತಿರುಮಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆಮೇಲೆ ಸೈಕಲ್ ಅಂಗಡಿ ಬಿಟ್ಟೆ, ಅಚ್ಚುಕೂಟ ಬಿಟ್ಟೆ. ಈಗ ಕ್ರೋಂಪೇಟೆಯಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿದ್ದೇನೆ. ನಮ್ಮ ಕನ್ನಡ ಸಂಘ ಅಲ್ಲಿ ಭಾನುವಾರ ನಡೆಸುವ ಉಚಿತ ದಂತ ಶಿಬಿರಕ್ಕೆ ಜನ ಸೇರಿಸುವವನು ನಾನೇ. ಅದಕ್ಕೇ ಕಾರ್ಯದರ್ಶಿ ಮುರಳೀಧರ ಅವರು, "ಡಾಕ್ಟರ ಬಗ್ಗೆ ಎರಡು ಒಳ್ಳೇ ಮಾತಾಡಿ ಇಳಿದುಬಿಡಪ್ಪ" ಎಂದರು.

ಒಳ್ಳೆಯ ಮಾತು ಮೊದಲು. ಡಾಕ್ಟರ ಕೈ ಹಗುರ, ಮನಸ್ಸು ದೊಡ್ಡದು. ಅರವತ್ತನೇ ಇಸವಿಯಲ್ಲಿ ಮೈಸೂರಿನಿಂದ ಮದರಾಸಿಗೆ ಬಂದವರು. ಕನ್ನಡವನ್ನು ಅವಸರದಲ್ಲಿ ಆಡಿದರೆ ತಮಿಳಾಗುತ್ತದೆ ಎಂದು ಇಂದಿಗೂ ನಂಬಿದವರು.

ಈಗಷ್ಟೇ ಅಧ್ಯಕ್ಷರು ಹೇಳಿದರು: "ಆ ಕಾರ್ಖಾನೆ ಜನಕ್ಕೆ ಹಲ್ಲಿನ ಬೆಲೆ ತಿಳಿಯದು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ ಅನ್ನೋ ಮೂಢನಂಬಿಕೆ. ಕೀಳಲೇ ಅಂದರೆ ಆಮೇಲೆ, ಆಮೇಲೆ ಅಂತಾರೆ. ಈ ತಿಂಗಳಿಗೇ ಶಿಬಿರ ಮುಚ್ಚೋಣ, ಸಾಕು." ಸಾಕೇ? ನಿಜವಾಗಿಯೂ ಸಾಕೇ?

ಕಣ್ಣು ಹೋಗುವ ಮಾತನ್ನು ನಾನು ಕ್ರೋಂಪೇಟೆಯಲ್ಲಿ ಕೇಳಿಲ್ಲ. ನುಂಗಂಬಾಕ್ಕಂನ ನಮ್ಮ ಮನೆಯಲ್ಲಿ ಕೇಳಿದ್ದೇನೆ. ನಮ್ಮಮ್ಮ ಅಮ್ಮಣ್ಣಿ ದವಡೆಯಲ್ಲಿ ಲವಂಗ ಒತ್ತಿಕೊಂಡೇ ಪೂಜೆ, ಅಡುಗೆ, ನನಗೆ ಬೈಗುಳ, ಎಲ್ಲ ನಡೆಸುತ್ತಾಳೆ. "ಹಲ್ಲು ಕೀಳಿಸಿಕೊಂಡ್ರೆ ನಿನ್ನ ಮದುವೆ ನೋಡಕ್ಕೆ ಕಣ್ಣು ಬೇಡ್ವೇನೋ?" ಮೂರನೇ ಸಾಲಿನಿಂದ ಈಗ ನನ್ನನ್ನು ನೋಡುತ್ತಿರುವ ರೀತಿ ನೋಡಿದರೆ ಕಣ್ಣು ಚೆನ್ನಾಗಿಯೇ ಇದೆ. ಅಧ್ಯಕ್ಷರೇ, ಕ್ಷಮಿಸಿ, ಆ ಲವಂಗದ ಉಪಾಯ ಹೇಳಿಕೊಟ್ಟವರು ತಾವೇ ಅಂತೆ.

ಹಾಗಾದರೆ ಕಾರ್ಮಿಕರು "ಆಮೇಲೆ" ಎಂದದ್ದು ಏಕೆ? ಕಳೆದ ಭಾನುವಾರ ಟಾರ್ಚ್ ಹಿಡಿಯುವವನು ಬರಲಿಲ್ಲ, ನಾನೇ ಒಳಗೆ ನಿಂತೆ. ಹಸಿ ಚರ್ಮಕ್ಕೆ ಉಪ್ಪು ಸವರುವ ರತ್ನಾವತಿಯಮ್ಮ ಬಾಯಿ ತೆರೆದರು. ಮೇಲಿನ ದವಡೆ ಹಲ್ಲು ಪೂರ್ತಿ ಹುಳುಕು. ಡಾಕ್ಟರು ಕೇಳಿದರು: "ಕೀಳ್ಲಾ?"

ತಮಿಳಿನಲ್ಲಿ ಕೀಳ ಎಂದರೆ ಕೆಳಗೆ. ನೋವು ಕೆಳಗೋ ಎಂದು ಕೇಳುತ್ತಿದ್ದಾರೆಂದು ತಿಳಿದ ಆಕೆ, ಬಾಯಿತುಂಬ ಡಾಕ್ಟರ ಬೆರಳಿದ್ದಂತೆಯೇ, "ಆ... ಮೇಲೆ!" ಎಂದರು.

"ಆಮೇಲೆನಾ? ಸರಿ, ಆಮೇಲೇ ಬನ್ನಿ. ಮುಂದಿನವರು!"

ಕೆಳಗಿನ ಹಲ್ಲು ನೋಯುವವರು ಮಾತ್ರ "ಆಮಾ ಸಾರ್, ಕೀಳೆ" ಎನ್ನುತ್ತಿದ್ದರು. ಹೌದು, ಕೆಳಗೆ ಎಂದು ಅದರ ಅರ್ಥ. ಡಾಕ್ಟರಿಗೆ ಅದು ಅಪ್ಪಣೆ! ಸಭಿಕರೇ, ಕ್ರೋಂಪೇಟೆಯಲ್ಲಿ ನಾವು ಇದುವರೆಗೆ ಕಿತ್ತದ್ದೆಲ್ಲ ಕೆಳಗಿನ ಹಲ್ಲು. ಹೊರಗೆ ಬಂದ ರತ್ನಾವತಿಯಮ್ಮ ಕೆನ್ನೆ ಹಿಡಿದುಕೊಂಡು ನನ್ನನ್ನು ಕೇಳಿದರು: "ಏಂಪ್ಪಾ, ಮೇಲ್ ಪಲ್ಲುಕ್ಕು ವೇರೆ ಡಾಕ್ಟರಾ?" ಮೇಲಿನ ಹಲ್ಲಿಗೆ ಬೇರೆ ಡಾಕ್ಟರೇ?

ಆಕೆ ಗಂಜಿಯಲ್ಲದೆ ಬೇರೇನೂ ತಿನ್ನಲಾರದೆ ಸೊರಗಿದ್ದಾರೆ. ಶಿಬಿರ ನಿಂತರೆ ಆಕೆಗೆ ಬೇರೆ ಯಾವ ಡಾಕ್ಟರೂ ಇಲ್ಲ. ವಿಷ್ಣುತೀರ್ಥರೇ, ಕೀಳಲೇ ಎಂದು ಕೇಳಲು ತಾವು ಕಲಿಯಬೇಕಾದ್ದು ತಮಿಳಿನ ಒಂದೇ ಮಾತು: "ಪುಡುಂಗಟ್ಟುಮಾ?" ಹಾಗೆ ಕೇಳಿಯೂ ಅವರು ಬೇಡವೆಂದರೆ ಶಿಬಿರ ಮುಚ್ಚಿ, ಬೋರ್ಡು ನಾನೇ ಇಳಿಸುತ್ತೇನೆ. ಆಕೆ ಅಲ್ಲಿ ಬಾಗಿಲ ಬಳಿ ನಿಂತಿದ್ದಾರೆ. ಕೇಳಿ ನೋಡಿ.

ಹಾರ ಹಿಡಿದವರು ಸ್ವಲ್ಪ ತಡೆಯಬೇಕು, ಡಾಕ್ಟರು ವೇದಿಕೆ ಇಳಿದರು. ಗಟ್ಟಿಯಾಗಿ, ಡಾಕ್ಟರೇ! ಹಾಂ, ಸರಿಯಾಗಿದೆ. ಆಕೆ ಹೂಂ ಎಂದು ತಲೆಯಾಡಿಸಿದ್ದು ಎಲ್ಲರಿಗೂ ಕಂಡಿತಲ್ಲವೇ? ಅಧ್ಯಕ್ಷರೇ, ತಮಗೂ?

ರತ್ನಾವತಿಯಮ್ಮ ಬಾಯಿ ತೆರೆದಿದ್ದಾರೆ. ಇನ್ನು ನಾನು ಮುಚ್ಚುವುದು ನ್ಯಾಯ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆ. ನಮಸ್ಕಾರ.