ಗೆರೆಯ ಕೆಳಗಿನ ಮಕ್ಕಳು

ಆಡಳಿತ ಮಂಡಳಿಯ ಅಧ್ಯಕ್ಷರೇ, ಬಿಡುವು ಮಾಡಿಕೊಂಡು ಬಂದಿರುವ ಶಿಕ್ಷಣಾಧಿಕಾರಿಗಳೇ, ನಮ್ಮ ಶಾಲೆಯ ಮಾನ್ಯ ಮುಖ್ಯೋಪಾಧ್ಯಾಯರೇ, ಸಹೋದ್ಯೋಗಿಗಳೇ, ಕೆಲಸಕ್ಕೆ ರಜೆ ಹಾಕಿ ಬಂದ ತಂದೆತಾಯಂದಿರೇ, ಕೂತೂ ಕೂತೂ ಬೇಸತ್ತಿರುವ ಮಕ್ಕಳೇ, ಸಭಿಕರೇ,

ಇದು ನನ್ನ ಬೀಳ್ಕೊಡುಗೆಯ ಸಭೆ. ಜೊತೆಗೆ, ನನ್ನ ತಲೆಯ ಮೇಲೆ ಕಟ್ಟಿರುವ ಬ್ಯಾನರಿನಲ್ಲಿ ನೀವು ಓದಿರುವ ಹಾಗೆ, ಹತ್ತನೇ ತರಗತಿಯ ಗಣಿತದಲ್ಲಿ ಶೇಕಡಾ ನೂರು ಫಲಿತಾಂಶ ಬಂದ ಸಂತೋಷಕೂಟ. ಆ ನೂರಕ್ಕೆ ನಾನೇ ಕಾರಣ ಎಂದು ಈವರೆಗೆ ಮಾತಾಡಿದವರೆಲ್ಲ ಹೊಗಳಿದರು. ಕೈಗೆ ಈ ಭಾರವಾದ ಫಲಕವನ್ನೂ ಕೊಟ್ಟರು. ಎರಡು ಮಾತಾಡಿ ಮುಗಿಸಿ ಎಂದು ನಿರೂಪಕರು ಕಿವಿಯಲ್ಲಿ ಹೇಳಿದ್ದಾರೆ. ಎರಡರಲ್ಲಿ ಮುಗಿಯುವುದಿಲ್ಲ. ಗಣಿತದ ಮೇಡಂ ಹೇಳುತ್ತಿದ್ದೇನೆ, ನಂಬಿ.

ನಾನು ಪಾಠ ಮಾಡಿದ ಕೋಣೆಯನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ತರಗತಿಯ ಕೋಣೆಯಲ್ಲ. ಶಾಲೆಯ ಹಿಂದೆ, ನೀರಿನ ಪಂಪಿನ ಪಕ್ಕ, ಕಾಲು ಮುರಿದ ಬೆಂಚುಗಳನ್ನು ಹಾಕುತ್ತಿದ್ದ ಕೋಣೆ. ಗಣಿತದಲ್ಲಿ ಹಿಂದುಳಿದ ಮಕ್ಕಳಿಗೆ ಸಂಜೆ ಹೇಳಿಕೊಡುತ್ತೇನೆ, ಜಾಗ ಕೊಡಿ ಎಂದಾಗ ನನಗೆ ಸಿಕ್ಕಿದ್ದು ಅದು. ಮುರಿದದ್ದನ್ನೆಲ್ಲ ಒಂದೇ ಕಡೆ ಇಡೋಣ ಎಂದುಕೊಂಡರೋ ಏನೋ! ಪಂಪು ಶುರುವಾದರೆ ಅಲ್ಲಿ ಮಾತು ಕೇಳಿಸುವುದಿಲ್ಲ. ಆಗ ನಾವು ಬಾಯಿ ಮುಚ್ಚಿಕೊಂಡು ಲೆಕ್ಕ ಮಾಡುತ್ತಿದ್ದೆವು, ಟ್ಯಾಂಕು ತುಂಬಿದ ಮೇಲೆ ಜಗಳವಾಡುತ್ತಿದ್ದೆವು. ಹೌದು, ಜಗಳ. ಉತ್ತರ ತಪ್ಪಾದರೆ ನಾನು ತಪ್ಪು ಎನ್ನುತ್ತಿರಲಿಲ್ಲ. ಹೇಗೆ ಬಂತು ಹೇಳು ಎನ್ನುತ್ತಿದ್ದೆ. ಅವರು ಹೇಳುತ್ತಾ ಹೇಳುತ್ತಾ ಎಲ್ಲೋ ಒಂದು ಕಡೆ ತಡವರಿಸುತ್ತಿದ್ದರು. ಅಲ್ಲಿಂದಲೇ ನನ್ನ ಪಾಠ ಶುರು.

ಆ ಕೋಣೆಗೆ ಒಬ್ಬ ಹುಡುಗಿ ಬಂದಳು. ಮಕ್ಕಳು ಅವಳಿಗೆ ಇಟ್ಟ ಹೆಸರು ಗಡಿಯಾರ. ಗಣಿತದ ಪೀರಿಯಡ್ಡಿನಲ್ಲಿ ಅವಳು ನೋಡುತ್ತಿದ್ದದ್ದು ಅದೊಂದನ್ನೇ. ಅವಳಿಗೆ ಬೀಜಗಣಿತ ಬರುವುದಿಲ್ಲ ಎಂದು ಎಲ್ಲರೂ ಬೈಯುತ್ತಿದ್ದರು. ನಾನು ಹಿಂದಕ್ಕೆ, ಹಿಂದಕ್ಕೆ ಹೋಗಿ ನೋಡಿದೆ. ನಾಲ್ಕನೇ ಒಂದಕ್ಕಿಂತ ಎಂಟನೇ ಒಂದು ದೊಡ್ಡದು ಎಂದುಕೊಂಡಿದ್ದಳು. ಎಂಟು ದೊಡ್ಡದಲ್ಲವೇ, ಅದಕ್ಕೆ. ಐದನೇ ತರಗತಿಯಲ್ಲಿ ಕಾಮಾಲೆ ಬಂದು ಶಾಲೆ ತಪ್ಪಿಸಿಕೊಂಡಿದ್ದಾಗ ಆ ಪಾಠ ಮುಗಿದುಹೋಗಿತ್ತು. ಆಮೇಲೆ ಯಾರೂ ಕೇಳಲಿಲ್ಲ. ಅಲ್ಲ ಸ್ವಾಮಿ, ಐದನೇ ತರಗತಿಯಲ್ಲಿ ಕಳೆದುಹೋದದ್ದು ಹತ್ತನೇ ತರಗತಿಯಲ್ಲಿ ನಿಲ್ಲಿಸಿ ಬೈದರೆ ಸಿಗುತ್ತದೆಯೇ?

ನಾನು ದರ್ಜಿಗಳ ಅಳತೆ ಟೇಪು ತಂದು ಅವಳ ಕೈಗೆ ಕೊಟ್ಟೆ. ಮಡಚು ಎಂದೆ. ಅರ್ಧವಾಯಿತು. ಮತ್ತೆ ಮಡಚು, ಇನ್ನೊಮ್ಮೆ ಮಡಚು. ಎಷ್ಟು ಭಾಗವಾಯಿತು? ಎಂಟು. ಒಂದು ಭಾಗ ಎಷ್ಟು ಉದ್ದ? ಅವಳು ಬೆರಳ ನಡುವಿನ ಆ ಚೋಟುದ್ದದ ಟೇಪನ್ನೇ ನೋಡುತ್ತಾ ಕೂತಳು. ಆಮೇಲೆ ಜೋರಾಗಿ ನಕ್ಕಳು. "ಅಯ್ಯೋ, ಇಷ್ಟೇನಾ ಮೇಡಂ? ಇಷ್ಟಕ್ಕಾ ನಾನು ಇಷ್ಟು ವರ್ಷ ಬೈಸ್ಕೊಂಡಿದ್ದು?" ಅಂದಳು. ಪುಣ್ಯಕ್ಕೆ ಪಂಪು ಶುರುವಾಯಿತು.

ಟೇಪು ನನಗೆ ಹೊಸ ಉಪಾಯವಲ್ಲ. ನಮ್ಮಮ್ಮ ಬಟ್ಟೆ ಹೊಲಿಯುತ್ತಿದ್ದರು. ನನಗೊಬ್ಬ ತಮ್ಮ. ಅಪ್ಪ ಗಣಿತದ ಮೇಷ್ಟ್ರು, ಮನೆಯಲ್ಲೂ ಮೇಷ್ಟ್ರೇ. ತಮ್ಮನನ್ನು ಮುಂದೆ ಕೂರಿಸಿಕೊಂಡು ಲೆಕ್ಕ ಕೇಳುವರು, ಅವನು ತಡಮಾಡಿದರೆ ಕಪಾಳಕ್ಕೆ ಒಂದು. "ನಿನ್ನ ತಲೆಗೆ ಇದು ಹತ್ತಲ್ಲ ಕಣೋ, ಎದ್ದು ಹೋಗು" ಎನ್ನುವರು. ಅವನಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು. ಅದು ಸುಳ್ಳು ನೋವಲ್ಲ, ಮಗು ನಿಜವಾಗಿ ಮುದುರಿಕೊಳ್ಳುತ್ತಿತ್ತು. ನಾನು ಅಮ್ಮನ ಮಿಷನ್ನಿನ ಕೆಳಗೆ ಅವನನ್ನು ಕೂರಿಸಿಕೊಂಡು ಟೇಪು ಮಡಚಿ ಮಡಚಿ ಭಿನ್ನರಾಶಿ ಕಲಿಸಿದೆ. "ಟೇಪಿನ ಅಂಕಿಯೆಲ್ಲ ಅಳಿಸಿಹೋಯ್ತಲ್ರೋ, ನಾನು ಕುತ್ತಿಗೆ ಅಳತೆ ಹೇಗೆ ತಗೊಳ್ಲಿ?" ಎಂದು ಅಮ್ಮ ಗೊಣಗುವರು, ಆದರೆ ಕಿತ್ತುಕೊಳ್ಳುತ್ತಿರಲಿಲ್ಲ. ಅವನು ಯೋಚಿಸುವಷ್ಟು ಹೊತ್ತೂ ನಾನು ಕಾಯುತ್ತಿದ್ದೆ. ಕಲಿತ. ಚೆನ್ನಾಗಿಯೇ ಕಲಿತ. ನಾನು ಟೀಚರಾದದ್ದು ಅಪ್ಪನನ್ನು ನೋಡಿ ಎಂದು ಊರೆಲ್ಲ ಹೇಳುತ್ತದೆ. ಅಲ್ಲ. ಅಪ್ಪನ ಮೇಲಿನ ಸಿಟ್ಟಿಗೆ.

ಮುಖ್ಯೋಪಾಧ್ಯಾಯರು ಒಂದು ಚೀಟಿ ಕಳಿಸಿದ್ದಾರೆ. "ದಯವಿಟ್ಟು ವಿಷಯಕ್ಕೆ ಬನ್ನಿ." ಬರುತ್ತೇನೆ ಸಾರ್. ಬಂದೇಬಿಟ್ಟೆ.

ಪರೀಕ್ಷೆಯ ದಿನ ನಾನು ಗೇಟಿನಲ್ಲಿ ನಿಂತಿದ್ದೆ. ಪಂಪಿನ ಕೋಣೆಯ ಮಕ್ಕಳು ಒಬ್ಬೊಬ್ಬರೇ ಬಂದರು. ಗಡಿಯಾರ ಬರಲಿಲ್ಲ. ಗಂಟೆ ಬಾರಿಸಿದರು, ಗೇಟು ಹಾಕಿದರು. ನಾನು ಅವಳ ಮನೆಗೆ ಹೋದೆ. ಅವಳಮ್ಮ ಇಸ್ತ್ರಿ ಮಾಡುವಾಕೆ. ತಾಯಿ ಇಸ್ತ್ರಿ ಹಾಕುತ್ತಿದ್ದರು, ಮಗಳು ಅಂಗಿ ಮಡಚುತ್ತಿದ್ದಳು. ನನ್ನನ್ನು ಕಂಡವಳೇ ಒಳಗೆ ಹೋದಳು. ತಾಯಿ ಹೇಳಿದರು: "ಹೆಡ್ ಮಾಸ್ಟ್ರು ಕರೆಸಿದ್ರು ಮೇಡಂ. ಹುಷಾರಿಲ್ಲ ಅಂತ ಬರ್ಕೊಡಿ, ಮುಂದಿನ ವರ್ಷ ನೋಡೋಣ ಅಂದ್ರು. ನಾನು ಒಪ್ಪಲಿಲ್ಲ. ಆಮೇಲೆ, ಇವಳ ಕೈಲಿ ಆಗಲ್ಲ ಅಂತ ನಿಮ್ಮ ಮೇಡಮ್ಮೇ ಹೇಳಿದಾರೆ ಅಂದ್ರು. ನೀವೇ ಹಾಗಂದ್ಮೇಲೆ ನಾವೇನು ಮಾತಾಡೋದು?"

ಕೇಳಿಸಿತೇ? ಹಿಂದಿನ ಸಾಲಿಗೂ ಕೇಳಿಸಿತೇ? ನನ್ನ ಹೆಸರು ಹೇಳಿದರು! ಅಂಥ ಮಾತು ನನ್ನ ಬಾಯಿಂದ ಯಾವತ್ತೂ ಬರಬಾರದೆಂದು ನಾನು ಈ ಕೆಲಸಕ್ಕೆ ಸೇರಿದವಳು. ಅದೇ ಮಾತನ್ನು ನನ್ನ ಬಾಯಿಗೆ ತುರುಕಿ ಒಂದು ಮಗುವನ್ನು ಮನೆಯಲ್ಲಿ ಕೂರಿಸಿದರು. ನಾನು ಒಂದು ಫಲಕ ಹಿಡಿದುಕೊಂಡು ಇಲ್ಲಿ ನಗಬೇಕು!

ಪೋಷಕರೇ, ಶೇಕಡಾವಾರು ಎಂದರೆ ಒಂದು ಭಿನ್ನರಾಶಿ, ಅಷ್ಟೆ. ಗೆರೆಯ ಮೇಲೆ ಪಾಸಾದವರು, ಗೆರೆಯ ಕೆಳಗೆ ಪರೀಕ್ಷೆ ಬರೆದವರು. ಅದನ್ನು ಹೆಚ್ಚಿಸಲು ಎರಡು ದಾರಿ. ಮೇಲಿನದನ್ನು ಹೆಚ್ಚಿಸಬಹುದು. ಅದಕ್ಕೆ ಕಲಿಸಬೇಕು, ಕಾಯಬೇಕು, ಪಂಪಿನ ಸದ್ದು ಕೇಳಬೇಕು. ಇಲ್ಲವೇ ಕೆಳಗಿನದನ್ನು ಕಡಿಮೆ ಮಾಡಬಹುದು. ಅದಕ್ಕೆ ತಾಯಿಯನ್ನು ಕರೆಸಿ ಒಂದು ಸುಳ್ಳು ಹೇಳಿದರೆ ಸಾಕು. ಬ್ಯಾನರಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಪಂಪಿನ ಕೋಣೆಯ ಉಳಿದ ಮಕ್ಕಳೆಲ್ಲ ಪಾಸಾಗಿದ್ದಾರೆ, ಆ ಅಂಕ ಅವರದೇ, ಅದನ್ನು ಯಾರೂ ಕಡೆಗಣಿಸಬೇಡಿ. ಆದರೆ ಆ ನೂರು ನಮ್ಮದಲ್ಲ.

ಚಪ್ಪಾಳೆ ಬೇಡ. ಇನ್ನೂ ಮುಗಿದಿಲ್ಲ.

ಪೂರಕ ಪರೀಕ್ಷೆಗೆ ಅರ್ಜಿ ಕಳಿಸಲು ನಾಳೆ ಕಡೆಯ ದಿನ. ತಾಯಿ ಸಹಿ ಹಾಕಿದ್ದಾರೆ. ಇನ್ನು ಬೇಕಿರುವುದು ಮುಖ್ಯೋಪಾಧ್ಯಾಯರ ಸಹಿ. ಮೊದಲು ಬಿಡುವಿಲ್ಲ ಎಂದರು, ಆಮೇಲೆ ಮೊಹರು ಸಿಗುತ್ತಿಲ್ಲ ಎಂದರು, ನಿನ್ನೆ ನಿಜ ಹೇಳಿದರು: "ಅವಳು ಫೇಲಾದರೆ ನಮ್ಮ ನೂರು ಹೋಗುತ್ತೆ. ನಿಮಗೇನು, ನೀವು ರಿಟೈರಾಗಿ ಹೋಗ್ತೀರಿ. ಮಂಡಳಿಗೆ ಉತ್ತರ ಕೊಡಬೇಕಾದವನು ನಾನು." ಹೋಗಲಿ ಬಿಡೋ! ನೂರು ಹೋದರೆ ಏನು ಹೋಯಿತು? ನಿನ್ನ ಕಪಾಳದ ಮೇಲೆ ಅಪ್ಪನ ಬೆರಳು ಮೂಡಿರುತ್ತಿತ್ತಲ್ಲ, ಆಗ ನಿನ್ನನ್ನು ಯಾರಾದರೂ ಲೆಕ್ಕದಿಂದ ಬಿಟ್ಟಿದ್ದರೆ ಇವತ್ತು ಈ ಕುರ್ಚಿಯಲ್ಲಿ ಯಾರು ಕೂತಿರುತ್ತಿದ್ದರು?

ಕ್ಷಮಿಸಿ. ಇಷ್ಟು ವರ್ಷ ಶಾಲೆಯ ಒಳಗೆ ಅವನು ನನಗೆ ಮೇಡಂ ಎಂದ, ನಾನು ಸಾರ್ ಎಂದೆ. ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಹೌದು, ಮುಖ್ಯೋಪಾಧ್ಯಾಯರು ನನ್ನ ತಮ್ಮ. ಆ ಹೊಟ್ಟೆನೋವಿನ ಮಾತು ಯಾರಿಗೂ ಹೇಳಬೇಡ ಅಕ್ಕಾ ಎಂದು ಚಿಕ್ಕವನಿದ್ದಾಗ ಆಣೆ ಹಾಕಿಸಿಕೊಂಡಿದ್ದ. ಇವತ್ತು ಬಾಯಿ ತಪ್ಪಿ ಬಂತು. ಬಂದದ್ದು ಬಂತು. ಗೆರೆಯ ಮೇಲೆ ಯಾವುದು, ಕೆಳಗೆ ಯಾವುದು ಎಂದು ಅವನಿಗೆ ಕಲಿಸಿದವಳು ನಾನೇ ಅಲ್ಲವೇ?

ಗಡಿಯಾರ, ಕೊನೆಯ ಬೆಂಚಿನಲ್ಲಿ ಅಮ್ಮನ ಪಕ್ಕ ಕೂತಿದ್ದೀಯ, ಇಲ್ಲಿಂದ ಕಾಣುತ್ತೀಯ. ಗೋಡೆ ನೋಡಬೇಡ, ನನ್ನ ಮುಖ ನೋಡು. ನಿನ್ನ ಕೈಲಿ ಆಗಲ್ಲ ಎಂದು ನಾನು ಹೇಳಿಲ್ಲ. ಯಾವತ್ತೂ ಹೇಳಿಲ್ಲ ಮಗಳೇ. ಎಲ್ಲರ ಎದುರಿಗೆ ಹೇಳುತ್ತಿದ್ದೇನೆ, ನಿನ್ನ ಕೈಲಿ ಆಗುತ್ತೆ.

ಮಾನ್ಯ ಮುಖ್ಯೋಪಾಧ್ಯಾಯರೇ, ಈ ಫಲಕವನ್ನು ನಿಮ್ಮ ಮುಂದೆ ಮೇಜಿನ ಮೇಲೆ ಇಟ್ಟಿದ್ದೇನೆ. ಪಕ್ಕದಲ್ಲಿ ಅರ್ಜಿ ಇದೆ, ಅದರ ಮೇಲೆ ಪೆನ್ನು. ಅರ್ಜಿಗೆ ಸಹಿಯಾದ ಮೇಲೆ ಫಲಕ ನನ್ನದು, ಅಲ್ಲಿಯವರೆಗೆ ನಿಮ್ಮದೇ. ನಾನು ಕೆಳಗಿಳಿದು ಆ ಕೊನೆಯ ಬೆಂಚಿನಲ್ಲಿ, ಅವಳ ಪಕ್ಕ ಕೂರುತ್ತೇನೆ. ಅವಸರವಿಲ್ಲ ತಮ್ಮಾ, ಯೋಚನೆ ಮಾಡು. ನೀನು ಲೆಕ್ಕ ಮಾಡಿ ಮುಗಿಸುವವರೆಗೆ ಕಾಯುವುದು ನನಗೆ ಮೊದಲಿನಿಂದ ಅಭ್ಯಾಸ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ. ನಮಸ್ಕಾರ.